ಆ ಬಿಳಿ ಗೂಡುಗಳನ್ನು ಹೊಸಕಬೇಡಿ

ಎಲೆಕೋಸಿನ ಎಲೆ ಮಗುಚಿದಾಗ ಸೊರಗಿದ ಹಸಿರು ಹುಳುವೊಂದು, ಅದರ ಮೈಗೋ ಪಕ್ಕಕ್ಕೋ ಅಂಟಿಕೊಂಡ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಅಥವಾ ಹಳದಿ ಉಂಡೆಗಳು ಕಾಣುವುದುಂಟು. ‘ಹುಳು ಮೊಟ್ಟೆ ಇಟ್ಟಿದೆ’ ಎಂದುಕೊಂಡು ಹೊಸಕಿಬಿಡುವವರೇ ಹೆಚ್ಚು. ಹುಳು ಮೊಟ್ಟೆ ಇಡುವುದೇ ಇಲ್ಲ. ಅದಿನ್ನೂ ಮರಿ, ಬೆಳೆದು ಚಿಟ್ಟೆಯೋ ಪತಂಗವೋ ಆದಮೇಲಷ್ಟೇ ಮೊಟ್ಟೆಯ ಮಾತು. ನೀವು ಕಂಡದ್ದು ಕೊಟೇಸಿಯ ಎಂಬ ಪುಟ್ಟ ಕಣಜದ ರೇಷ್ಮೆಗೂಡುಗಳು. ತಾಯಿ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಚುಚ್ಚಿಡುತ್ತದೆ. ಮರಿಗಳು ಒಳಗೇ ಅದರ ರಸ ಹೀರಿ ಬೆಳೆದು, ಚರ್ಮ ತೂತು ಮಾಡಿ ಹೊರಬಂದು ಗೂಡು ಕಟ್ಟುತ್ತವೆ. ಆಮೇಲೆ ಆ ಹುಳು ಬದುಕುವುದಿಲ್ಲ. ಗೂಡನ್ನು ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಹೊಸ ಕಣಜಗಳು ಹಾರಿ, ಉಳಿದ ಹುಳುಗಳನ್ನು ಹುಡುಕಿಕೊಂಡು ಹೋಗುತ್ತವೆ.

ಇಂಥದೇ ಎಡವಟ್ಟು ಸಸ್ಯಹೇನಿನ ವಿಷಯದಲ್ಲೂ ಆಗುತ್ತದೆ. ಹೇನು ಮುತ್ತಿದ ಕುಡಿಯಲ್ಲಿ ಕೆಲವು ಮಾತ್ರ ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಅಲುಗಾಡದೆ ಕೂತಿದ್ದರೆ ‘ಹೊಸ ಜಾತಿಯ ಹೇನು ಬಂತು’ ಎಂದು ಔಷಧಿ ಹೊಡೆಯುತ್ತಾರೆ. ಭೂತಗನ್ನಡಿ ಹಿಡಿದು ನೋಡಿ: ಕೆಲವುಗಳ ಬೆನ್ನಲ್ಲಿ ಸೂಜಿಯಿಂದ ಕೊರೆದಂಥ ದುಂಡನೆಯ ತೂತಿರುತ್ತದೆ. ಕಣಜ ಹೊರಬಿದ್ದ ಬಾಗಿಲು ಅದು. ತೂತಿಲ್ಲದವುಗಳೊಳಗೆ ಕಣಜ ಇನ್ನೂ ಬೆಳೆಯುತ್ತಿದೆ.

ಕಣಜ ಎಂದರೆ ಕಚ್ಚುತ್ತದೆ ಎಂಬ ಭಯವೂ ಇದೆ. ನಮ್ಮ ಮೇಲೆ ಎರಗುವುದು ಗುಂಪಾಗಿ ಗೂಡು ಕಟ್ಟಿ ಅದನ್ನು ಕಾಯುವ ಕಣಜಗಳು. ಬೇರೆ ಕೀಟವನ್ನು ತಿಂದು ಬೆಳೆಯುವ ಈ ಪರತಂತ್ರ ಕಣಜಗಳು ಒಂಟಿ, ಕಾಯಲು ಅವಕ್ಕೆ ಗೂಡಿಲ್ಲ. ಹಿಂದೆ ಚಾಚಿದ ಮುಳ್ಳು ಮೊಟ್ಟೆ ಇಡುವ ಕೊಳವೆ. ದೊಡ್ಡ ಜಾತಿಯ ಕೆಲವನ್ನು ಕೈಯಲ್ಲಿ ಹಿಡಿದು ಅದುಮಿದರೆ ಚುಚ್ಚಬಹುದು, ಅಷ್ಟೇ. ಇವುಗಳಲ್ಲೊಂದಾದ ಟ್ರೈಕೋಗ್ರಾಮದ ಉದ್ದವಂತೂ ಅರ್ಧ ಮಿಲಿಮೀಟರ್ ಆಸುಪಾಸು; ಕೈಮೇಲೆ ಕೂತರೂ ತಿಳಿಯದು.

ಹಳೆಯ ನಂಬಿಕೆಯೊಂದಿದೆ. ಕಣಜ ಹುಳುವನ್ನು ಮಣ್ಣಿನ ಗೂಡಿಗೆ ತಂದು, ಗುಂಯ್‌ಗುಟ್ಟಿ ತನ್ನಂತೆಯೇ ಮಾಡಿಕೊಳ್ಳುತ್ತದಂತೆ. ಭ್ರಮರ-ಕೀಟ ನ್ಯಾಯ ಎನ್ನುವುದು ಇದನ್ನೇ. ಗುರು-ಶಿಷ್ಯರ ಉಪಮೆಯಾಗಿ ಸೊಗಸು. ಒಳಗೆ ಹೋದದ್ದು ಹುಳು, ಹೊರಬಂದದ್ದು ಕಣಜ. ಹಿರಿಯರ ಕಣ್ಣು ತಪ್ಪಿರಲಿಲ್ಲ. ಒಳಗೆ ನಡೆದದ್ದೇ ಬೇರೆ. ಬೇಟೆಗಾರ ಕಣಜ ಹುಳುವನ್ನು ಚುಚ್ಚಿ ಜಡಗೊಳಿಸಿ, ಜೊತೆಗೊಂದು ಮೊಟ್ಟೆಯಿಟ್ಟು ಗೂಡು ಮುಚ್ಚುತ್ತದೆ. ಮರಿ ಆ ಹುಳುವನ್ನು ತಿಂದು ಕಣಜವಾಗುತ್ತದೆ.

‘ಇಷ್ಟು ಸಣ್ಣ ಜೀವಿಯಿಂದ ಏನಾದೀತು?’ ಎನ್ನುವವರು ಪಪ್ಪಾಯಿಯ ಹಿಟ್ಟು ತಿಗಣೆಯನ್ನು ನೆನೆಯಲಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿದ ಈ ಹೊರನಾಡಿನ ಕೀಟ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸನ್ನು ಹಾಳುಮಾಡಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಅಸಿರೋಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿ ಬೆಳೆಸಿ ಬಿಡಿಸಿತು. ಔಷಧಿಗೆ ಬಗ್ಗದ ತಿಗಣೆ ಕಣಜಕ್ಕೆ ಬಗ್ಗಿತು. ತೆಂಗಿನ ಕಪ್ಪುತಲೆ ಹುಳುವಿಗೆ ಗೋನಿಯೋಜಸ್, ರೇಷ್ಮೆಹುಳುವನ್ನು ಕಾಡುವ ಊಜಿ ನೊಣಕ್ಕೆ ನೆಸೋಲಿಂಕ್ಸ್ ಕಣಜಗಳಿವೆ.

ಪೀಡೆ ಮುಗಿದ ಮೇಲೆ ಇವು ಗಿಡಕ್ಕೆ ಬೀಳುತ್ತವೆ ಎಂಬ ಅನುಮಾನ ಬೇಡ. ಮರಿಗೆ ಕೀಟವೇ ಆಹಾರ, ದೊಡ್ಡದಕ್ಕೆ ಮಕರಂದ. ಹಾಗಾಗಿ ಕೊತ್ತಂಬರಿ, ಸಬ್ಬಸಿಗೆಯ ನಾಲ್ಕು ಗಿಡಗಳನ್ನು ಕೀಳದೆ ಹೂಬಿಡಲು ಬಿಡಿ.

ಒಂದು ಮಾತು ಮಾತ್ರ ನಿಜ: ಕಣಜ ರಾತ್ರೋರಾತ್ರಿ ಫಲ ಕೊಡದು, ಎಲ್ಲ ಕೀಟಕ್ಕೂ ಮದ್ದಲ್ಲ. ಟ್ರೈಕೋಗ್ರಾಮ ಕಣಜಗಳನ್ನು ಬಿಡುವ ಟ್ರೈಕೋಕಾರ್ಡ್ ಕಟ್ಟಿದ ಮಡಿಗೆ ಮರುದಿನವೇ ಕೀಟನಾಶಕ ಹೊಡೆದರೆ ಕೊಟ್ಟ ದುಡ್ಡು ನೀರುಪಾಲು. ಹೇನಿನ ನಡುವೆ ತೂತುಬಿದ್ದ ಕಂದು ಹೇನುಗಳು ಕಂಡರೆ ಪಂಪನ್ನು ಕೆಳಗಿಡಿ, ಒಂದು ವಾರ ಕಾದು ನೋಡಿ.