ಹೊಲದ ಕಾವು ಗಾಳಿಗೇರುವ ಬಗೆಯೂ ಅದರ ಅಳತೆಯೂ

ಸಿಂಧನೂರು ತಾಲ್ಲೂಕಿನ ಸಾಲಗುಂದದ ಸೀಮೆಯಲ್ಲಿ ಚೈತ್ರ ವೈಶಾಖಗಳ ನಡುಹಗಲು ಬಯಲಿನಲ್ಲಿ ನಿಂತವರಿಗೆ ಒಂದು ಸಂಗತಿಯು ಕಾಣದಿರದು. ಬೆಳೆಯಿಲ್ಲದ ಎರೆಹೊಲದ ಮೇಲೆ ಗಾಳಿಯು ನೀರಿನ ತೆರೆಯಂತೆ ನಡುಗುತ್ತಿರುವುದು. ಆಗಾಗ ಸುಂಟರಗಾಳಿಯೆದ್ದು ಧೂಳನ್ನೂ ತರಗನ್ನೂ ಮೇಲಕ್ಕೊಯ್ಯುವುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಬತ್ತದ ಗದ್ದೆಯ ಮೇಲಾದರೋ ಈ ನಡುಕವು ಬಹಳ ಕಡಿಮೆ. ಎರಡರ ಮೇಲೆ ಬೀಳುವ ಬಿಸಿಲು ಒಂದೇ. ಆ ಕಾವು ಎಲ್ಲಿಗೆ ಹೋಯಿತೆಂಬುದನ್ನು ತಿಳಿದರೆ ಬೇಸಿಗೆ ಬತ್ತಕ್ಕೆ ನಿಜವಾಗಿ ಬೇಕಾಗುವ ನೀರೆಷ್ಟೆಂಬುದೂ, ಕಾಲುವೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನಡೆಯುವ ವ್ಯಾಜ್ಯದ ಒಂದಂಶವೂ ಸ್ಪಷ್ಟವಾಗುವುವು.

ಬಿಸಿಲಿನಿಂದ ಭೂಮಿಗೆ ಬಂದ ಶಾಖದಲ್ಲಿ ಸ್ವಲ್ಪವು ಮಣ್ಣಿನೊಳಕ್ಕಿಳಿಯುವುದು, ಸ್ವಲ್ಪವು ಆಕಾಶಕ್ಕೆ ಮರಳುವುದು. ಉಳಿದುದು ತೇವವಿದ್ದಲ್ಲಿ ನೀರನ್ನು ಆವಿ ಮಾಡುವುದರಲ್ಲಿ ವ್ಯಯವಾಗುವುದು. ತೇವವಿಲ್ಲದಲ್ಲಿ ಗಾಳಿಯನ್ನು ಕಾಯಿಸುವುದು. ಅಲುಗದ ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಬಹಳ ಮಂದ. ಕಂಬಳಿಯು ಮೈಯನ್ನು ಬೆಚ್ಚಗಿಡುವುದು ಇದರಿಂದಲೇ. ಆದರೆ ನೆಲಕ್ಕೆ ತಗುಲಿದ ಗಾಳಿಯು ಕಾದು ಹಗುರವಾದೊಡನೆ ಮೇಲಕ್ಕೇಳುವುದು, ಮೇಲಿನ ತಂಪುಗಾಳಿಯು ಆ ಸ್ಥಳಕ್ಕಿಳಿಯುವುದು. ಒಲೆಯ ಮೇಲಿನ ಎಸರಿನಲ್ಲಿ ಕಾಣುವಂತೆ ಈ ಏರಿಳಿತವು ಕ್ರಮತಪ್ಪಿ ಸುಳಿಸುಳಿಯಾಗಿ ಕದಡಿದಾಗ ಅದಕ್ಕೆ ಪ್ರಕ್ಷುಬ್ಧ ಉಷ್ಣಸಂವಹನವೆಂದು ಹೆಸರು.

ಪ್ರಯೋಗಶಾಲೆಯಲ್ಲಿ ಇದನ್ನಳೆಯುವ ತತ್ತ್ವವು ಸರಳವಾದುದು. ಮುಚ್ಚಿದ ಪಾತ್ರೆಯ ತಳವನ್ನು ವಿದ್ಯುತ್ತಿನಿಂದ ಕಾಯಿಸಿ ಮೇಲಿನ ಫಲಕವನ್ನು ತಂಪಾಗಿಡುವರು. ಪಕ್ಕಗಳಿಂದ ಶಾಖವು ಸೋರದಂತೆ ನೋಡಿಕೊಂಡರೆ, ತಳಕ್ಕೆ ಕೊಟ್ಟ ವಿದ್ಯುತ್ತೇ ಸಾಗಿದ ಶಾಖದ ಲೆಕ್ಕ. ಒಳಗಿನ ವಸ್ತುವು ಅಲುಗದೆ ಇದ್ದಿದ್ದರೆ ಸಾಗುತ್ತಿದ್ದುದಕ್ಕಿಂತ ಇದು ಎಷ್ಟು ಮಡಿ ಹೆಚ್ಚೆಂಬುದಕ್ಕೆ ನುಸೆಲ್ಟ್ ಸಂಖ್ಯೆಯೆಂದೂ, ಕದಡಿಸುವ ಬಲದ ಅಳತೆಗೆ ರೇಲಿ ಸಂಖ್ಯೆಯೆಂದೂ ಹೇಳುವರು. 1900ರಲ್ಲಿ ಫ್ರಾನ್ಸಿನ ಬೆನಾರ್ ಎಂಬವರು ಮಾಡಿದ ಪ್ರಯೋಗಗಳಿಗೆ 1916ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿಯವರು ಗಣಿತವನ್ನೊದಗಿಸಿದರು. ಎತ್ತರವು ಎರಡರಷ್ಟಾದರೆ ರೇಲಿ ಸಂಖ್ಯೆಯು ಎಂಟರಷ್ಟಾಗುವುದರಿಂದ ಬಯಲಿನ ಗಾಳಿಯಲ್ಲಿ ಅದು ಅಪಾರವಾಗಿರುವುದು. ಅಂತಹ ಸಂಖ್ಯೆಗಳನ್ನು ಒಂದು ಮೀಟರ್ ಎತ್ತರದ ಪಾತ್ರೆಯಲ್ಲಿಯೇ ಪಡೆಯುವುದಕ್ಕಾಗಿ ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದಲ್ಲಿ ಶೂನ್ಯಕ್ಕಿಂತ ಸುಮಾರು 268 ಡಿಗ್ರಿ ಕೆಳಗಿನ ಹೀಲಿಯಂ ಅನಿಲವನ್ನು ಉಪಯೋಗಿಸಿ, ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಆ ನಾಲ್ವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಕೆ. ಆರ್. ಶ್ರೀನಿವಾಸನ್ ಅವರೂ ಒಬ್ಬರು. ರೇಲಿ ಸಂಖ್ಯೆಯು ಹತ್ತರಷ್ಟಾದಾಗಲೆಲ್ಲ ನುಸೆಲ್ಟ್ ಸಂಖ್ಯೆಯು ಸುಮಾರು ಎರಡರಷ್ಟಾಗುವುದೆಂದು ಕಂಡುಬಂದಿತು.

ಹೊಲಕ್ಕೆ ಗೋಡೆಯೂ ಇಲ್ಲ, ಮುಚ್ಚಳವೂ ಇಲ್ಲ. ಆದಕಾರಣ ಇಲ್ಲಿ ಬೇರೆ ಉಪಾಯವು ಬೇಕಾಯಿತು. ಕಂಬದ ಮೇಲೆ ನಿಲ್ಲಿಸಿದ ಯಂತ್ರವೊಂದು ತನ್ನ ಕವಲುಗಳ ನಡುವೆ ಶಬ್ದದ ಮಿಡಿತಗಳನ್ನು ಕಳುಹಿಸಿ, ಅವು ತಲುಪುವ ವೇಳೆಯಿಂದ ಗಾಳಿಯ ಏರಿಳಿತವನ್ನೂ ಉಷ್ಣತೆಯನ್ನೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಗುರುತಿಸುವುದು. ಸರಾಸರಿಗಿಂತ ಬಿಸಿಯಾದ ಗಾಳಿಯು ಏರುವುದೂ ತಂಪಾದುದು ಇಳಿಯುವುದೂ ಹೆಚ್ಚಾಗಿದ್ದರೆ ಶಾಖವು ನೆಲದಿಂದ ಮೇಲಕ್ಕೆ ಹೋಗುತ್ತಿದೆಯೆಂದರ್ಥ. ಪ್ರತಿ ಸಲದ ಏರುವೇಗದ ವ್ಯತ್ಯಾಸವನ್ನು ಉಷ್ಣತೆಯ ವ್ಯತ್ಯಾಸದಿಂದ ಗುಣಿಸಿ, ಅರ್ಧ ಗಂಟೆಯ ಸರಾಸರಿ ತೆಗೆದು, ಗಾಳಿಯ ಶಾಖಧಾರಣೆಯಿಂದ ಮತ್ತೆ ಗುಣಿಸಿದರೆ ಲೆಕ್ಕವು ಸಿಕ್ಕುವುದು. ಜೊತೆಯಲ್ಲಿಯೇ ಗಾಳಿಯ ಆವಿಯನ್ನಳೆದರೆ ನೀರಿನ ಲೆಕ್ಕವೂ ಬರುವುದು. ಆಸ್ಟ್ರೇಲಿಯದ ಸ್ವಿನ್‌ಬ್ಯಾಂಕ್ ಎಂಬವರು 1951ರಲ್ಲಿ ಈ ಬಗೆಯ ಅಳತೆಯನ್ನು ಪ್ರಕಟಿಸಿದರು. 2016ರಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಮುಂಗಾರನ್ನು ಕುರಿತು ಕೂಡಿ ನಡೆಸಿದ ಪರಿಶೋಧನೆಯ ಕಾಲದಲ್ಲಿ ಧಾರವಾಡದಲ್ಲಿಯೂ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿಯೂ ಇಂತಹ ಕಂಬಗಳನ್ನು ನೆಡಲಾಯಿತು. ಈ ಅಳತೆಯು ದೋಷರಹಿತವಲ್ಲ. ಬಂದ ಶಾಖಕ್ಕೂ ಹೋದ ಶಾಖಕ್ಕೂ ಲೆಕ್ಕವು ಪೂರ್ತಿ ಹೊಂದದೆ, ಹೋದುದು ಶೇಕಡ ಹತ್ತರಿಂದ ಮೂವತ್ತರವರೆಗೆ ಕಡಿಮೆಯಾಗಿ ತೋರುವುದು ಎಲ್ಲ ದೇಶಗಳಲ್ಲಿಯೂ ಕಂಡಿರುವ ತೊಡಕು.

ಆದಾಗ್ಯೂ ಮುಖ್ಯ ವಿಷಯದಲ್ಲಿ ಸಂದೇಹವಿಲ್ಲ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರು. ಅದು ಆವಿಯಾಗುವುದಕ್ಕೆ ಬೇಕಾಗುವ ಶಾಖವು ಸುಮಾರು 2,750 ಯೂನಿಟ್ ವಿದ್ಯುತ್ತಿಗೆ ಸಮಾನ. ಇಷ್ಟು ಶಾಖವನ್ನು ಬಿಸಿಲೂ ಗಾಳಿಯೂ ಕೊಡಬೇಕಲ್ಲದೆ ಕಾಲುವೆಯು ಕೊಡಲಾರದು. ಆದ್ದರಿಂದ ಗದ್ದೆಯಲ್ಲಿ ಎರಡಂಗುಲ ನೀರಿದ್ದರೂ ಆರಂಗುಲವಿದ್ದರೂ ಆವಿಯಾಗುವ ನೀರು ಹೆಚ್ಚುಕಡಿಮೆ ಒಂದೇ. ಮಿಕ್ಕ ನೀರು ಬದುವಿನಿಂದ ಸೋರುವುದು, ಇಲ್ಲವೆ ಕೆಳಗಿಳಿದು ಅಂತರ್ಜಲವನ್ನು ಮೇಲೆತ್ತಿ ಸವಳನ್ನು ತರುವುದು. ಕಾಲುವೆಯ ಕೊನೆಯಲ್ಲಿ ಸಸಿಯು ಒಣಗುತ್ತಿರುವಾಗ ಮೇಲಿನ ಗದ್ದೆಯಲ್ಲಿ ಆಳವಾಗಿ ನೀರು ನಿಲ್ಲಿಸುವುದರಿಂದ ನಷ್ಟವು ಇಬ್ಬರಿಗೂ ತಪ್ಪದು.

ಯಂತ್ರವು ತೋರಿಸಿದ ಮತ್ತೊಂದು ಸಂಗತಿಯು ಭೂಮಾಲಿಕರಿಗೆ ವಿಶೇಷ ಉಪಯುಕ್ತ. ಒಣಹೊಲಗಳಿಂದ ಸುತ್ತುವರಿದ ನೀರಾವರಿಯ ಮೇಲೆ ಮಧ್ಯಾಹ್ನದ ಮೇಲೆ ಲೆಕ್ಕವು ಕೆಲವೊಮ್ಮೆ ತಿರುಗುಮುರುಗಾಗುವುದು. ಅಂದರೆ ಶಾಖವು ನೆಲದಿಂದ ಗಾಳಿಗೇರುವುದರ ಬದಲು ಗಾಳಿಯಿಂದ ಗದ್ದೆಗಿಳಿಯುವುದು. ನೆರೆಯ ಎರೆಹೊಲದಲ್ಲಿ ಕಾದ ಗಾಳಿಯು ಬೀಸಿ ಬಂದು ಅಂಚಿನ ಮಡಿಗಳ ನೀರನ್ನು ಬಿಸಿಲಿಗಿಂತ ಹೆಚ್ಚಾಗಿ ಹೀರುವುದು. ಅಲ್ಲೊಂದು ಇಲ್ಲೊಂದು ಚದುರಿದ ಬೇಸಿಗೆ ಗದ್ದೆಗಳು ಒತ್ತಟ್ಟಿಗಿರುವ ಗದ್ದೆಗಳಿಗಿಂತ ಎಕರೆಗೆ ಹೆಚ್ಚು ನೀರನ್ನು ಬೇಡುವುದು ಇದರಿಂದಲೇ. ಸಸಿಮಡಿಗೆ ಮೊದಲೇ ಗ್ರಾಮದ ಮುಖಂಡರು ಸೇರಿ, ಆ ವರ್ಷ ದೊರೆಯತಕ್ಕ ನೀರಿಗೆ ತಕ್ಕಂತೆ ಒಂದೇ ಹರವಿನ ಸರ್ವೆ ನಂಬರುಗಳನ್ನು ಗೊತ್ತುಮಾಡಿಕೊಳ್ಳುವುದು ಯುಕ್ತ. ಯಾರ ಹೊಲವು ಬಿಟ್ಟುಹೋಗಬೇಕೆಂಬುದು ಕಠಿಣವಾದ ಪ್ರಶ್ನೆಯೇ ಸರಿ; ಅದನ್ನು ಯಂತ್ರವು ತೀರ್ಮಾನಿಸದು.

ಯಂತ್ರವಿಲ್ಲದವರು ಸಹ ಒಂದು ಸ್ಥೂಲ ಪರೀಕ್ಷೆಯನ್ನು ಮಾಡಬಹುದು. ಗದ್ದೆಯ ನಡುವೆ ಮಿಲಿಮೀಟರ್ ಗುರುತುಗಳುಳ್ಳ ಗೂಟವನ್ನು ಭದ್ರವಾಗಿ ನೆಟ್ಟು, ಮಳೆಯಿಲ್ಲದ ದಿನ ಒಳಹರಿವನ್ನೂ ಹೊರಹರಿವನ್ನೂ ಕಟ್ಟಿ, ನೀರಿನ ಮಟ್ಟವನ್ನು ಸಂಜೆ 6 ಗಂಟೆಗೂ ಮರುದಿನ ಬೆಳಿಗ್ಗೆ 6ಕ್ಕೂ ಪುನಃ ಸಂಜೆ 6ಕ್ಕೂ ಬರೆದಿಡತಕ್ಕದ್ದು. ರಾತ್ರಿಯಲ್ಲಿ ಆವಿಯಾಗುವುದು ಅಲ್ಪವಾದುದರಿಂದ ರಾತ್ರಿಯ ಇಳಿತವು ಬಹುತೇಕ ಸೋರಿಕೆಯದು. ಹಗಲಿನ ಇಳಿತದಲ್ಲಿ ಅಷ್ಟನ್ನು ಕಳೆದರೆ ಉಳಿಯುವುದು ಆವಿಯಾದ ನೀರು. ರಾತ್ರಿ 4 ಮಿಲಿಮೀಟರೂ ಹಗಲು 10 ಮಿಲಿಮೀಟರೂ ಇಳಿದರೆ, ಬೆಳೆಗೂ ಬಿಸಿಲಿಗೂ ಸಂದುದು 6, ಸೋರಿಹೋದುದು 8. ಅಂತಹ ಗದ್ದೆಯಲ್ಲಿ ಮೊದಲು ಬದುಗಳ ಬಿರುಕನ್ನೂ ಏಡಿಬಿಲಗಳನ್ನೂ ಹುಡುಕಿ ಮುಚ್ಚಿಸಿ, ಮೂರು ದಿನ ಬಿಟ್ಟು ಪುನಃ ಅಳೆಯತಕ್ಕದ್ದು.