ಗುಂಡಿಗಳಿಲ್ಲದ ಗಾಜು

2007ನೆಯ ಇಸವಿಯ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭಾಂಗಣವೊಂದರಲ್ಲಿ ಆ್ಯಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅಂದಿನ ಪ್ರಸಿದ್ಧ ಸಂಚಾರಿ ದೂರವಾಣಿಗಳ ಚಿತ್ರಗಳನ್ನು ತೆರೆಯ ಮೇಲೆ ಸಾಲಾಗಿ ನಿಲ್ಲಿಸಿ, ಅವುಗಳ ಕೆಳಭಾಗದತ್ತ ಸಭಿಕರ ಗಮನವನ್ನು ಸೆಳೆದರು. ಅಲ್ಲಿದ್ದುದು ಪುಟ್ಟ ಪುಟ್ಟ ಪ್ಲಾಸ್ಟಿಕ್ ಗುಂಡಿಗಳ ಸಂತೆ. ಬೇಕಾಗಲಿ ಬೇಡವಾಗಲಿ ಅವು ಅಲ್ಲಿಯೇ ಇರುತ್ತವೆ; ಒಮ್ಮೆ ಅಚ್ಚು ಹೊಯ್ದು ಮಾರಿದ ಮೇಲೆ ಒಂದನ್ನೂ ಬದಲಿಸಲಾಗದು. ಇದು ಅವರ ಆಕ್ಷೇಪ. ಅವರು ಕೈಯೆತ್ತಿ ತೋರಿಸಿದ ಐಫೋನಿನಲ್ಲಾದರೋ ಮೂರೂವರೆ ಅಂಗುಲದ ತೆರೆ. ಮುಖದ ಮೇಲೆ ಒಂದೇ ಒಂದು ಗುಂಡಿ.

ವಾದಕ್ಕೆ ಪ್ರತಿವಾದ ಹುಟ್ಟಲು ತಡವಾಗಲಿಲ್ಲ. ಆಗ ಮೈಕ್ರೋಸಾಫ್ಟ್ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಮರ್ ಸಂದರ್ಶನವೊಂದರಲ್ಲಿ ನಕ್ಕೇಬಿಟ್ಟರು. ಐನೂರು ಡಾಲರು ಬೆಲೆ. ಸಾಲದುದಕ್ಕೆ ಕೀಲಿಮಣೆಯೂ ಇಲ್ಲ. ದಿನವಿಡೀ ಪತ್ರವ್ಯವಹಾರ ನಡೆಸುವ ವ್ಯಾಪಾರಸ್ಥನಿಗೆ ಇದರಿಂದ ಏನು ಪ್ರಯೋಜನ? ಆ ನಗೆ ಮುಂದೆ ಅವರಿಗೇ ದುಬಾರಿಯಾಯಿತೆಂಬುದು ಬೇರೆ ಮಾತು. ಆದರೆ ಪ್ರಶ್ನೆ ತಳ್ಳಿಹಾಕುವಂಥದಾಗಿರಲಿಲ್ಲ. ಗುಂಡಿಗೆ ಅಂಚುಂಟು, ಉಬ್ಬುಂಟು. ಒತ್ತಿದರೆ ಕೆಳಗಿಳಿದು ಮೇಲೇಳುತ್ತದೆ. ತಾನು ಒತ್ತಿದುದು ಸರಿಯೇ ತಪ್ಪೇ ಎಂಬುದನ್ನು ಬೆರಳು ಕಣ್ಣಿನ ನೆರವಿಲ್ಲದೆಯೇ ಅರಿಯುತ್ತದೆ. ಗಾಜು ಹಾಗಲ್ಲ. ಅದರ ಮೇಲೆ ಒಂದಕ್ಕೂ ಒಂಬತ್ತಕ್ಕೂ ಸ್ಪರ್ಶದಲ್ಲಿ ಭೇದವಿಲ್ಲ.

ಈ ಗಾಜು ಬೆರಳನ್ನು ಗುರುತಿಸುವ ಬಗೆ ಕುತೂಹಲಕರವಾದುದು. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ವಿದ್ಯುದ್ವಾಹಕಗಳ ಜಾಲವೊಂದಿದೆ. ಮಾನವದೇಹವೂ ವಿದ್ಯುದ್ವಾಹಕವೇ ಆದುದರಿಂದ ಬೆರಳು ಸೋಕಿದ ತಾಣದಲ್ಲಿ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ಅತ್ಯಲ್ಪವಾಗಿ ವ್ಯತ್ಯಾಸಗೊಳ್ಳುತ್ತದೆ. ಯಂತ್ರವು ಅದನ್ನು ಅಳೆದು ಬೆರಳೆಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ಒತ್ತಬೇಕಾದುದೇ ಇಲ್ಲ. ಉಣ್ಣೆಯ ಕೈಗವಸು ತೊಟ್ಟ ಬೆರಳಿಗೆ ಮಾತ್ರ ಅದು ಓಗೊಡದು.

ಬಲಪ್ರಯೋಗವಿಲ್ಲದ ಈ ಸ್ಪರ್ಶದ ಹಿಂದೆ ಒಂದು ನೋವಿನ ಕಥೆಯುಂಟು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ವೇಯ್ನ್ ವೆಸ್ಟರ್‌ಮನ್ ಎಂಬ ತರುಣನಿಗೆ ಬೆರಳಚ್ಚಿನ ಶ್ರಮದಿಂದ ಕೈ ನೋಯುತ್ತಿತ್ತು. ಒತ್ತದೆಯೇ ಬರೆಯಬಲ್ಲ ಹಲಗೆಯೊಂದನ್ನು ಆತ ತನ್ನ ಅಧ್ಯಾಪಕ ಜಾನ್ ಇಲಿಯಾಸರೊಡಗೂಡಿ ರೂಪಿಸಿದ. ಅವರಿಬ್ಬರೂ ಕಟ್ಟಿದ ಫಿಂಗರ್‌ವರ್ಕ್ಸ್ ಎಂಬ ಪುಟ್ಟ ಸಂಸ್ಥೆಯನ್ನು ಆ್ಯಪಲ್ 2005ರಲ್ಲಿ ಕೊಂಡುಕೊಂಡಿತು.

2007ರ ಜೂನ್ 29ರಂದು ಐಫೋನ್ ಅಮೆರಿಕದ ಅಂಗಡಿಗಳಿಗೆ ಬಂದಾಗ ದೋಷಗಳ ಪಟ್ಟಿಯೂ ಜೊತೆಗೇ ಬಂದಿತು. ಅಂತರ್ಜಾಲ ನಿಧಾನ, ಬ್ಯಾಟರಿಯನ್ನು ಕೊಂಡವರು ಬದಲಿಸುವಂತಿಲ್ಲ, ಒಂದೆಡೆಯ ಬರಹವನ್ನು ಇನ್ನೊಂದೆಡೆಗೆ ನಕಲಿಸುವ ಅನುಕೂಲವಿಲ್ಲ. ಸೆಪ್ಟೆಂಬರಿನಲ್ಲಿ ಕಂಪನಿ ಏಕಾಏಕಿ 200 ಡಾಲರು ಬೆಲೆಯಿಳಿಸಿತು. ಮೊದಲೇ ಕೊಂಡವರು ರೇಗಿದರು. ಅವರ ಸಮಾಧಾನಕ್ಕೆ 100 ಡಾಲರು ಮೌಲ್ಯದ ಖರೀದಿಯ ಸವಲತ್ತು ದೊರೆಯಿತು. ಇವೆಲ್ಲ ದುಡ್ಡಿನಿಂದಲೋ ಕಾಲದಿಂದಲೋ ತೀರುವ ಕೊರತೆಗಳು.

ತೀರದ ಕೊರತೆಯೊಂದಿತ್ತು. ನೋಯುವ ಕೈಗೆ ಹಿತವಾದ ಆ ನುಣುಪು, ಕಣ್ಣು ಕಾಣದವರ ಕೈಗೆ ಗೋಡೆಯಾಯಿತು. ಹಳೆಯ ದೂರವಾಣಿಯ 5ರ ಗುಂಡಿಯ ಮೇಲೆ ಸಣ್ಣದೊಂದು ಉಬ್ಬಿರುವುದನ್ನು ಕಣ್ಣುಳ್ಳ ಬಹುಮಂದಿ ಗಮನಿಸಿಯೇ ಇರಲಾರರು. ಅಂಧರು ಅದನ್ನು ತಡವಿ, ಉಳಿದ ಅಂಕಿಗಳ ನೆಲೆಯನ್ನು ಅದರಿಂದಲೇ ಎಣಿಸಿ, ಯಾರ ಹಂಗೂ ಇಲ್ಲದೆ ಕರೆ ಮಾಡುತ್ತಿದ್ದರು. ಗಾಜಿನಲ್ಲಿ ತಡವಲು ಏನಿದೆ?

ಉತ್ತರ ದೊರೆತುದು 2009ರ ಜೂನಿನಲ್ಲಿ. ಆ ವರ್ಷದ ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಏರ್ಪಾಡನ್ನು ಅಳವಡಿಸಿದ್ದರು. ಬೆರಳನ್ನು ಗಾಜಿನ ಮೇಲೆ ಮೆಲ್ಲನೆ ಸರಿಸಿದರೆ ಕೆಳಗಿರುವುದೇನೆಂಬುದನ್ನು ದೂರವಾಣಿಯೇ ಉಸುರುತ್ತದೆ. ಬೇಕಾದುದು ಸಿಕ್ಕಿದಾಗ ಎರಡು ಬಾರಿ ತಟ್ಟಿದರಾಯಿತು. ಗುಂಡಿಯ ಉಬ್ಬು ಅಂಕಿಯನ್ನಷ್ಟೇ ತಿಳಿಸುತ್ತಿತ್ತು. ಈ ಧ್ವನಿ ಪತ್ರವನ್ನೂ ಓದಿ ಹೇಳಿತು. ಆದರೂ ಎರಡು ವರ್ಷ ಅವರು ಹೊರಗೆ ನಿಂತಿದ್ದರೆಂಬುದನ್ನು ಲೆಕ್ಕದಿಂದ ಬಿಡಲಾಗದು.

ಗಾಜಿನ ಕೀಲಿ ಬದಲಾಗಬಲ್ಲದೆಂದು ಜಾಬ್ಸ್ ಹೇಳಿದ ಗುಣ ಕನ್ನಡಿಗರಿಗೆ ನಿಜವಾಗಿಯೂ ವರವಾಗಬೇಕಿತ್ತು. ಇಪ್ಪತ್ತಾರು ಅಕ್ಷರಗಳಿಗಾಗಿ ಎರಕ ಹೊಯ್ದ ಗುಂಡಿಗಳ ಮೇಲೆ ನಮ್ಮ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಹೊಂದಿಸುವುದು ಎಂದೆಂದಿಗೂ ಇಕ್ಕಟ್ಟಿನ ಸಂಸಾರ. ಗಾಜಿಗಾದರೋ ಯಾವ ಲಿಪಿಯೂ ಒಂದೇ. 2008ರ ಆಗಸ್ಟಿನಲ್ಲಿ ಐಫೋನ್ ಭಾರತಕ್ಕೆ ಬಂದಿತು, ಕನಿಷ್ಠ ಬೆಲೆ 31,000 ರೂಪಾಯಿ. ಅನ್ಯರು ರಚಿಸಿದ ಕೀಲಿಮಣೆಗಳಿಗೆ ಅದರಲ್ಲಿ 2014ರಲ್ಲಿ ಎಡೆ ದೊರೆಯಿತು; ಕಂಪನಿಯದೇ ಆದ ಕನ್ನಡ ಕೀಲಿಮಣೆ ಬಂದುದು 2017ರಲ್ಲಿ, ಮೊದಲ ಐಫೋನ್ ಮಾರಾಟವಾಗಿ ಹತ್ತು ವರ್ಷಗಳ ತರುವಾಯ. ಅಷ್ಟರಲ್ಲಿ ಪರವೂರಿನ ಎಷ್ಟೋ ಮಕ್ಕಳು ‘ಊಟ ಆಯಿತೇ ಅಮ್ಮ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಹಲವು ತಾಯಂದಿರು ಅದನ್ನು ಅಕ್ಷರ ಕೂಡಿಸಿ ಓದುವುದನ್ನೂ ಕಲಿತುಬಿಟ್ಟಿದ್ದರು.