ಗುಲಾಮರ ದಂಗೆ, ಒಡೆಯರ ಭಯ ಮತ್ತು ದೇವರ ವಾಕ್ಯ

ದಾಸ್ಯವನ್ನು ಧಿಕ್ಕರಿಸಿದವರು ಮುಖ್ಯವಾಗಿ ಎರಡು ದಾರಿ ಹಿಡಿದರು: ಪಲಾಯನ ಮತ್ತು ದಂಗೆ. ಪಲಾಯನದ ಚರಿತ್ರೆ ನಮ್ಮ ನಾಡಿನಲ್ಲೇ ಇದೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳಗಳ ಸಿದ್ದಿಯರಲ್ಲಿ ಅವರ ಸಂತತಿಯಿದೆ. ಅವರನ್ನು ಕೊಂಡವರು ದೀಕ್ಷಾಸ್ನಾನ ಪಡೆದವರೇ ಆಗಿದ್ದರೆಂಬುದನ್ನು ಧರ್ಮಸಭೆ ಮರೆಯಲಾಗದು.

ದಂಗೆಗೆ ಬಿಳಿಯ ಸಮಾಜ ತೋರಿದ ಪ್ರತಿಕ್ರಿಯೆಯನ್ನು ದಕ್ಷಿಣ ಅಮೆರಿಕದ ಬ್ರಿಟಿಷ್ ವಸಾಹತು ಡೆಮೆರಾರಾದಲ್ಲಿ ಕಾಣಬಹುದು. 1823ರ ಆಗಸ್ಟ್‌ನಲ್ಲಿ ಅಲ್ಲಿ ಸುಮಾರು 10,000 ಗುಲಾಮರು ಎದ್ದರು. ಮಡಿದ ಬಿಳಿಯರು ಬೆರಳೆಣಿಕೆಯಷ್ಟು. ಕೊಲ್ಲಲ್ಪಟ್ಟ ಗುಲಾಮರು ನೂರಾರು. ತೋಟಗಳ ಕ್ರೌರ್ಯವನ್ನು ಬದಿಗಿಟ್ಟು, ಒಡೆಯರು ದಂಗೆಯ ಹೊಣೆಯನ್ನು ಸುವಾರ್ತಾ ಬೋಧಕ ಜಾನ್ ಸ್ಮಿತ್ ಅವರ ಮೇಲೆ ಹೊರಿಸಿದರು. ಮರಣದಂಡನೆಗೆ ಗುರಿಯಾದ ಅವರು 1824ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು.

ಈ ಭಯ ಹಳೆಯದು. 1807ರಲ್ಲಿ ಲಂಡನ್ನಿನಲ್ಲಿ ಗುಲಾಮರಿಗೆಂದೇ ಅಚ್ಚಾದ ಬೈಬಲ್ ಆವೃತ್ತಿಯಲ್ಲಿ ಇಸ್ರಯೇಲರು ಈಜಿಪ್ಟಿನಿಂದ ಬಿಡುಗಡೆಯಾದ ವೃತ್ತಾಂತವನ್ನೇ ಕೈಬಿಡಲಾಗಿತ್ತು. ವಾಕ್ಯದ ಬಲವನ್ನು ಅದನ್ನು ಬಚ್ಚಿಟ್ಟವರೇ ಚೆನ್ನಾಗಿ ಅರಿತಿದ್ದರು.

ಓಡಿಬಂದ ದಾಸನನ್ನು ಒಡೆಯನಿಗೆ ಒಪ್ಪಿಸಕೂಡದೆಂದು ಧರ್ಮೋಪದೇಶಕಾಂಡ (23:15) ವಿಧಿಸುತ್ತದೆ. ಸಂತ ಪೌಲರು ಒನೇಸಿಮನನ್ನು ಸಹೋದರನನ್ನಾಗಿ ಬರಮಾಡಿಕೊಳ್ಳುವಂತೆ ಫಿಲೆಮೋನನಿಗೆ ಬರೆಯುತ್ತಾರೆ. ನಮ್ಮ ದೇಶದಲ್ಲಿ ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಯಿತು. ಅದರ ನೆನಪು ಇನ್ನೂ ಹಸಿಯಾಗಿರುವ ಹಳ್ಳಿಗಳಲ್ಲಿ ಪ್ರಬೋಧಿಸುವ ಗುರುವು, ಯಾರ ಮುಖ ನೋಡಿ ತಾನು ಯಾವ ಪುಟವನ್ನು ಓದದೆ ಬಿಡುತ್ತಿದ್ದೇನೆ ಎಂದು ಕೇಳಿಕೊಳ್ಳಲೇಬೇಕು.